ಅಟ್ಟೆ ಬಿಚ್ಚಿದರೆ ನಾಲ್ಕು ಚೆಂಡು

ಮೂರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕಳೆದ ತಿಂಗಳು ಒಂದು ಸಂಜೆ ಲೆಕ್ಕದ ಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. 502ರಿಂದ 267ನ್ನು ಕಳೆದು 365 ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು, ಪಕ್ಕದಲ್ಲಿ ಸರಿಯಾದ ಉತ್ತರವೂ ಇತ್ತು, ಆದರೆ ತಾನು ತಪ್ಪಿದ್ದು ಎಲ್ಲಿ ಎಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಹೇಗೆ ಮಾಡಿದೆ ಎಂದು ಕೇಳಿದೆ. "ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ. ಸೊನ್ನೆಯಲ್ಲಿ ಆರು ಹೋಗುವುದಿಲ್ಲ, ಅದಕ್ಕೆ ಆರನ್ನು ಹಾಗೆಯೇ ಬರೆದೆ" ಎಂದಳು. ಪಕ್ಕದ ಸ್ಥಾನದಿಂದ ಸಾಲ ತೆಗೆದುಕೊಳ್ಳಬೇಕೆಂದು ಹೇಳಿಕೊಟ್ಟಿಲ್ಲವೇ ಎಂದೆ. "ಹೇಳಿಕೊಟ್ಟಿದ್ದಾರೆ. ಆದರೆ ಪಕ್ಕದಲ್ಲಿ ಇರುವುದೇ ಸೊನ್ನೆಯಲ್ಲ ಅಪ್ಪ, ಅವರ ಹತ್ತಿರವೇ ಇಲ್ಲದಿದ್ದರೆ ನಮಗೆ ಹೇಗೆ ಕೊಡುತ್ತಾರೆ? ಕೊಟ್ಟರೂ ನಾವು ಅದನ್ನು ವಾಪಸು ಕೊಡುವುದು ಯಾವಾಗ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಅವಳ ವಯಸ್ಸಿನಲ್ಲಿ "ಸಾಲ" ಎಂದೇ ಕಲಿತವನು, ನಲವತ್ತು ವರ್ಷ ಹಾಗೆಯೇ ಲೆಕ್ಕ ಮಾಡಿಕೊಂಡು ಬಂದವನು, ಆ ಸಾಲ ಯಾಕೆ ತೀರುವುದಿಲ್ಲ ಎಂದು ಒಮ್ಮೆಯೂ ಕೇಳಿಕೊಂಡವನಲ್ಲ. ಅವಳ ತಪ್ಪನ್ನು ಅಜಾಗರೂಕತೆ ಎಂದು ಕರೆಯುವುದೂ ನ್ಯಾಯವಲ್ಲ. ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಎಂಬ ಒಂದು ನಿಯಮವನ್ನು ಅವಳೇ ಕಟ್ಟಿಕೊಂಡು ಕೊನೆಯವರೆಗೂ ಅದಕ್ಕೆ ನಿಷ್ಠಳಾಗಿದ್ದಳು. ಅವಳ ಕಣ್ಣಿಗೆ 502 ಒಂದು ಸಂಖ್ಯೆಯಾಗಿರಲೇ ಇಲ್ಲ. ಐದು, ಸೊನ್ನೆ, ಎರಡು ಎಂಬ ಮೂರು ಅಂಕಿಗಳು ಅಕ್ಕಪಕ್ಕದ ಮೂರು ಬಾಡಿಗೆ ಮನೆಗಳಲ್ಲಿ ಕುಳಿತಂತೆ ಕುಳಿತಿದ್ದವು.

ಪ್ರಾಥಮಿಕ ಶಾಲೆಯ ಗಣಿತದಲ್ಲಿ ಮಕ್ಕಳು ಕಲಿಯುವುದೇನು ಎಂದು ಕೇಳಿದರೆ ನಾವು ಕೂಡುವುದು, ಕಳೆಯುವುದು, ಮಗ್ಗಿ, ಭಾಗಾಕಾರ ಎಂದು ಪಟ್ಟಿ ಹೇಳುತ್ತೇವೆ. ನನಗೆ ಈಗ ಅನ್ನಿಸುವುದೆಂದರೆ, ಇವೆಲ್ಲದರ ಅಡಿಯಲ್ಲಿ ಮಗು ಕಲಿಯಬೇಕಾದ ಕಷ್ಟದ ಸಂಗತಿ ಒಂದೇ, ಹಲವನ್ನು ಒಂದಾಗಿ ಕಟ್ಟುವುದು ಮತ್ತು ಬೇಕಾದಾಗ ಆ ಕಟ್ಟನ್ನು ಬಿಚ್ಚುವುದು. ಹತ್ತು ಬಿಡಿಗಳು ಸೇರಿ ಒಂದು ಹತ್ತು ಆಗುತ್ತದೆ ಎಂಬ ವಾಕ್ಯವನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ. ಅದೇ ವಸ್ತು ಏಕಕಾಲಕ್ಕೆ ಹತ್ತೂ ಹೌದು, ಒಂದೂ ಹೌದು ಎಂಬುದನ್ನು ಏಳೆಂಟು ವರ್ಷದ ಮಗು ಒಪ್ಪಿಕೊಳ್ಳುವುದು ಸಣ್ಣ ಕೆಲಸವಲ್ಲ.

ನಮ್ಮ ಭಾಷೆ ಇಲ್ಲಿ ಮಗುವಿಗೆ ಬಹಳ ಉಪಕಾರ ಮಾಡುತ್ತದೆ. ಎರಡು ಹತ್ತು ಇಪ್ಪತ್ತು, ಮೂರು ಹತ್ತು ಮೂವತ್ತು, ಐದು ಹತ್ತು ಐವತ್ತು, ಅದಕ್ಕೆ ಒಂದು ಸೇರಿದರೆ ಐವತ್ತೊಂದು. ಕಟ್ಟು ಎಷ್ಟು, ಬಿಡಿ ಎಷ್ಟು ಎಂಬುದು ಉಚ್ಚಾರದಲ್ಲಿಯೇ ಕೇಳಿಸುತ್ತದೆ. ನಮ್ಮ ಉಡುಪಿ ಕಡೆಯ ಬಹುಪಾಲು ಮಕ್ಕಳು ಮನೆಯಲ್ಲಿ ಆಡುವ ತುಳುವಿನಲ್ಲಿಯೂ ಹಾಗೆಯೇ, ಪತ್ತ್ ಮತ್ತು ಒಂಜಿ ಸೇರಿ ಪತ್ತೊಂಜಿ. ಆಂಗ್ಲ ಮಾಧ್ಯಮದ ಮಗು ಇಲೆವೆನ್, ಟ್ವೆಲ್ವ್ ಎಂದು ಹೇಳುವಾಗ ಒಳಗಿರುವ ಹತ್ತು ಅಷ್ಟು ಸುಲಭವಾಗಿ ಕಿವಿಗೆ ಬೀಳುವುದಿಲ್ಲ. ಯಾವ ಮಾಧ್ಯಮದಲ್ಲಿ ಓದಿದರೂ ಮನೆಯಲ್ಲಿ ಮಕ್ಕಳೊಂದಿಗೆ ಕನ್ನಡದಲ್ಲಿ, ತುಳುವಿನಲ್ಲಿ ಎಣಿಸಬೇಕು ಎಂದು ನಾನು ಬಲವಾಗಿ ನಂಬುವುದು ಈ ಕಾರಣಕ್ಕಾಗಿಯೂ ಹೌದು.

ಮಗಳಿಗೆ ದಾರಿ ತೋರಿಸಿದ್ದು ನಾನಲ್ಲ, ಕಟಪಾಡಿಯ ಹತ್ತಿರ ಶಂಕರಪುರದಲ್ಲಿರುವ ನಮ್ಮ ಹಳೆಯ ಮನೆಯ ಮಲ್ಲಿಗೆ. ಆ ಭಾನುವಾರ ಅಲ್ಲಿಗೆ ಹೋದಾಗ ಅಮ್ಮ ಎಂದಿನಂತೆ ಜಗಲಿಯಲ್ಲಿ ಕುಳಿತು, ಬೆಳಿಗ್ಗೆ ಕೊಯ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಇಲ್ಲಿ ಮಲ್ಲಿಗೆಯನ್ನು ತೂಗುವುದಿಲ್ಲ, ಮೊಳ ಹಾಕುವುದೂ ಇಲ್ಲ, ಎಣಿಸುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ನಿಗದಿಯಾಗುವುದು ಅಟ್ಟೆಯ ಲೆಕ್ಕದಲ್ಲಿ. ಹರಟುತ್ತಲೇ ಕಟ್ಟುವ ಅಮ್ಮ ನೂರು ಹೂ ಆದಾಗಲೆಲ್ಲ ಒಂದು ಹುಣಸೆಬೀಜವನ್ನು ಬದಿಗೆ ಸರಿಸಿಡುತ್ತಾರೆ, ಎಂಟು ಬೀಜವಾದರೆ ಚೆಂಡು ಮುಗಿಯಿತು, ಬೀಜಗಳು ಮತ್ತೆ ಬಟ್ಟಲಿಗೆ. ಒಂದು ಬೀಜ ನೂರು ಹೂವಿನ ಪರವಾಗಿ ಕುಳಿತುಕೊಳ್ಳುತ್ತದೆ ಎಂಬುದನ್ನು ನಾನು ಬಾಲ್ಯದಿಂದ ನೋಡಿದ್ದೆ. ಅದೇ ಸ್ಥಾನಬೆಲೆ ಎಂಬುದು ಹೊಳೆದದ್ದು ಮಾತ್ರ ಆ ದಿನ.

ಪುಸ್ತಕದ ತಪ್ಪನ್ನು ಕೇಳಿದ ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸದೆಯೇ ಕೇಳಿದರು, "ನನ್ನ ಹತ್ತಿರ ಎರಡು ಅಟ್ಟೆ, ಒಂದು ಚೆಂಡು ಇದೆ. ಮದುವೆ ಮನೆಯವರು ಮೂರು ಚೆಂಡು ಬೇಕು ಅಂತ ಬಂದರು. ಇರುವುದು ಬಿಡಿ ಚೆಂಡು ಒಂದೇ. ಇಲ್ಲ ಅಂತ ಕಳಿಸಲಾ?"

"ಬೇಡ ಅಜ್ಜಿ, ಒಂದು ಅಟ್ಟೆ ಬಿಚ್ಚಿ ಕೊಡಿ."

"ಬಿಚ್ಚಿದೆ. ಆಮೇಲೆ?"

ಮಗಳು ಬೆರಳು ಮಡಚಿದಳು. ಬಿಚ್ಚಿದ ಅಟ್ಟೆಯ ನಾಲ್ಕು, ಮೊದಲೇ ಇದ್ದ ಒಂದು, ಒಟ್ಟು ಐದು ಚೆಂಡು. ಮೂರು ಕೊಟ್ಟರೆ ಎರಡು ಉಳಿಯಿತು. ಬಿಚ್ಚದೆ ಉಳಿದ ಅಟ್ಟೆ ಒಂದು. ಯಾರೂ ಯಾರಿಗೂ ಸಾಲ ಕೊಟ್ಟಿರಲಿಲ್ಲ. ಇದ್ದದ್ದನ್ನೇ ಬಿಚ್ಚಿ ಚಿಲ್ಲರೆ ಮಾಡಿಕೊಂಡಿದ್ದೆವು, ಅಷ್ಟೇ. ಐನೂರರ ನೋಟನ್ನು ಅಂಗಡಿಯಲ್ಲಿ ಚಿಲ್ಲರೆ ಮಾಡಿಸಿದರೆ ಯಾರೂ ಅದನ್ನು ಸಾಲ ಎನ್ನುವುದಿಲ್ಲ, ಹಿಂದಿರುಗಿಸುವ ಮಾತೂ ಬರುವುದಿಲ್ಲ. ಶಾಲೆಗಳಲ್ಲಿ "ಸಾಲ" ಎಂಬ ಮಾತನ್ನು ಕೈಬಿಟ್ಟು "ಬಿಚ್ಚುವುದು" ಎಂದೋ "ಚಿಲ್ಲರೆ ಮಾಡುವುದು" ಎಂದೋ ಹೇಳಿಕೊಟ್ಟರೆ ಎಷ್ಟೋ ಮಕ್ಕಳ ಗೊಂದಲ ತಪ್ಪೀತು ಎಂಬುದು ನನ್ನ ಪ್ರಾಮಾಣಿಕ ಅನಿಸಿಕೆ.

ಅದಾದ ಮೇಲೆ 502ಕ್ಕೆ ಮರಳಿದೆವು. ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿಗಳನ್ನು ಮುರಿದು ಹತ್ತು ಹತ್ತರ ಕಟ್ಟು ಮಾಡಿದೆವು, ಅಂತಹ ಹತ್ತು ಕಟ್ಟುಗಳನ್ನು ಸೇರಿಸಿ ಒಂದು ನೂರರ ಹೊರೆ ಕಟ್ಟಿದೆವು. ಉಳಿದ ನಾಲ್ಕು ಹೊರೆಗಳಿಗೆ ನಾಲ್ಕು ತೆಂಗಿನ ಗೆರಟೆಗಳನ್ನು ಇಟ್ಟುಕೊಂಡೆವು, ಏಕೆಂದರೆ ಐನೂರು ಕಡ್ಡಿ ಎಣಿಸುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಬಿಡಿ ಎರಡೇ ಇವೆ, ಏಳು ಬೇಕು. ಹತ್ತರ ಕಟ್ಟು ಒಂದೂ ಇಲ್ಲ. ಮಗಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು, ಆಮೇಲೆ ನೂರರ ಹೊರೆಗೆ ಕೈ ಹಾಕಿ ಬಿಚ್ಚಿದಳು. ಹತ್ತು ಕಟ್ಟುಗಳು ಹೊರಬಿದ್ದವು. ಅವುಗಳಲ್ಲಿ ಒಂದನ್ನು ಮತ್ತೆ ಬಿಚ್ಚಿದಳು. ಈಗ ಅವಳ ಮುಂದೆ ನಾಲ್ಕು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ಇದ್ದವು. ಸೊನ್ನೆಯ ಮೇಲೆ ಒಂಬತ್ತು ಎಲ್ಲಿಂದ ಬರುತ್ತದೆ ಎಂಬುದು ನನಗೂ ಮೊದಲ ಬಾರಿಗೆ ಕಣ್ಣಾರೆ ಕಂಡಿತು. 235 ಎಂದು ಬರೆದು, ತಾನಾಗಿಯೇ 267ಕ್ಕೆ ಕೂಡಿಸಿ ತಾಳೆ ನೋಡಿದಳು.

ಕಟ್ಟುವ, ಬಿಚ್ಚುವ ಈ ತಿಳಿವಳಿಕೆ ಹಿಂದಿನ ತಲೆಮಾರಿಗೆ ನಮಗಿಂತ ಗಟ್ಟಿಯಾಗಿತ್ತೆಂದು ಕಾಣುತ್ತದೆ, ಅದಕ್ಕೆ ಕಾರಣ ಅವರ ಕಾಲದ ನಾಣ್ಯ ಮತ್ತು ಅಳತೆಗಳೇ. ನನ್ನ ತಂದೆ ಪ್ರಾಥಮಿಕ ಶಾಲೆಗೆ ಹೋದದ್ದು ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ದಿನಗಳಲ್ಲಿ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಕ್ಕಿಯ ಮುಡಿಗೆ 42 ಸೇರು. 5 ರೂಪಾಯಿ 3 ಆಣೆಯಿಂದ 2 ರೂಪಾಯಿ 7 ಆಣೆ ಕಳೆಯುವ ಹುಡುಗ ಒಂದು ರೂಪಾಯಿಯನ್ನು ಹದಿನಾರು ಆಣೆಯಾಗಿ ಬಿಡಿಸಲೇಬೇಕಿತ್ತು, ಹತ್ತು ಎಂದುಕೊಂಡರೆ ಲೆಕ್ಕ ಕೆಡುತ್ತಿತ್ತು. ಉತ್ತರ 2 ರೂಪಾಯಿ 12 ಆಣೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಕಟ್ಟಬಹುದಿತ್ತು. ಎಂಟು ದಿನಕ್ಕೆ ಒಂದು ರೂಪಾಯಿ ಎಂಬುದು ಅಂದಿನವರಿಗೆ ಬಾಯಿಲೆಕ್ಕ. ದಶಮಾಂಶ ಪದ್ಧತಿ ನಮ್ಮ ಬದುಕನ್ನು ಎಷ್ಟೋ ಸುಲಭ ಮಾಡಿದೆ, ಹಳೆಯದೇ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಎಲ್ಲ ಕಟ್ಟುಗಳೂ ಹತ್ತರದ್ದೇ ಆದಾಗ, ಕಟ್ಟು ಬಿಚ್ಚುತ್ತಿದ್ದೇನೆ ಎಂಬ ಅರಿವಿಲ್ಲದೆಯೂ ಅಂಕಿಯ ತಲೆಯ ಮೇಲೆ ಒಂದನ್ನು ಬರೆದು ಪಾರಾಗಬಹುದು.

ಕೇಂದ್ರ ಸರಕಾರ 2021ರ ಜುಲೈ 5ರಂದು ಆರಂಭಿಸಿದ ನಿಪುಣ್ ಭಾರತ್ ಯೋಜನೆಯ ಪ್ರಕಾರ ಒಂದನೆಯ ತರಗತಿಯ ಮಗು 99ರವರೆಗೆ, ಎರಡನೆಯದರಲ್ಲಿ 999ರವರೆಗೆ, ಮೂರನೆಯದರಲ್ಲಿ 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಗುರಿ ಒಳ್ಳೆಯದೇ. ವರ್ಷಕ್ಕೊಂದು ಹೊಸ ಸ್ಥಾನ ಸೇರುತ್ತದೆ, ಅಂದರೆ ವರ್ಷಕ್ಕೊಂದು ಹೊಸ ಕಟ್ಟು. ನಮ್ಮ ಸರಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಕಡ್ಡಿ, ಮಣಿ, ಬೀಜಗಳನ್ನು ಮುಟ್ಟಿ ಎಣಿಸುವುದಕ್ಕೆ ಅವಕಾಶವಿರುವುದನ್ನು ಕಂಡಾಗ ನನಗೆ ಸಂತೋಷವಾಗುತ್ತದೆ. ಶಾಲೆಗೆ ಎಷ್ಟು ಹೆಚ್ಚು ಶುಲ್ಕ ಕಟ್ಟಿದರೆ ಅಷ್ಟು ಬೇಗ ಮಗುವಿನ ಕೈಯಿಂದ ಕಡ್ಡಿಗಳು ಮಾಯವಾಗುವುದನ್ನು ಕಂಡಾಗ ಬೇಸರವೂ ಆಗುತ್ತದೆ.

ಗುಣಾಕಾರದಲ್ಲಿಯೂ ಇದೇ ಕಟ್ಟು. ಏಳೆಂಟಲಿ ಎಷ್ಟು ಎಂಬಲ್ಲಿ ನನ್ನ ಮಗಳು ಸದಾ ತಡವರಿಸುತ್ತಿದ್ದಳು. ಅಟ್ಟದ ಮೇಲಿದ್ದ ಚೆನ್ನೆಮಣೆ ಎಂಬ ಆಟದ ಹಲಗೆಯನ್ನು ಇಳಿಸಿದೆವು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಬೀಜ. ಎದುರುಬದುರಿನ ಎರಡು ಗುಳಿ ಸೇರಿದರೆ ಎಂಟು, ಅಂತಹವು ಏಳು, ಒಟ್ಟು 56. ಮಳೆಗಾಲದ ಆಟಿ ತಿಂಗಳ ಆಟದಲ್ಲಿ ಕಾಯಿಗಳನ್ನು ತುಂಬಿಸಿದ ಕೈಗೆ ಆ ಸಂಖ್ಯೆ ಮತ್ತೆ ಮರೆಯಲಿಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡಿಸಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಬಾಯಿಪಾಠ ಬೇಕು. ಅದು ಏನನ್ನು ಎಣಿಸುತ್ತಿದೆ ಎಂಬುದು ಒಮ್ಮೆಯಾದರೂ ಕಣ್ಣಿಗೆ ಬಿದ್ದಿರಬೇಕು.

ಭಿನ್ನರಾಶಿಯ ಪಾಠ ಇನ್ನೂ ಮುಂದಿದೆ. ಮೂರಕ್ಕಿಂತ ನಾಲ್ಕು ದೊಡ್ಡದಾದ್ದರಿಂದ ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದೇ ದೊಡ್ಡದು ಎಂದು ಅನೇಕ ಮಕ್ಕಳು ಭಾವಿಸುತ್ತಾರೆ, ಇವಳೂ ಭಾವಿಸಬಹುದು. ಆದರೆ ಚೆಂಡು ಎಂದರೆ ಕಾಲು ಅಟ್ಟೆ ಎಂದು ಅವಳಿಗೆ ಈಗಾಗಲೇ ಗೊತ್ತು. ಮೂರು ಚೆಂಡು ಎಂದರೆ ಮೂರು ಕಾಲು, ಅದೇ ಮುಕ್ಕಾಲು. ಆ ಪದದ ಒಳಗೇ ಮೂರು ಇದೆ ಎಂದು ತೋರಿಸಿದಾಗ ಅವಳು ಎರಡು ಮೂರು ಬಾರಿ "ಮುಕ್ಕಾಲು, ಮುಕ್ಕಾಲು" ಎಂದು ಹೇಳಿಕೊಂಡಳು.

ಮೊನ್ನೆ ಮತ್ತೆ ಶಂಕರಪುರಕ್ಕೆ ಹೋಗಿದ್ದಾಗ, ಹೂ ಕೊಳ್ಳುವವರ ಕಟ್ಟೆಗೆ ಒಯ್ಯಲು ಸಿದ್ಧವಾಗಿದ್ದ ಒಂದು ಅಟ್ಟೆಯಿಂದ ಅಮ್ಮನ ಕಣ್ತಪ್ಪಿಸಿ ಅವಳು ಒಂದು ಮೊಗ್ಗು ಎಳೆದು ಜಡೆಗೆ ಸಿಕ್ಕಿಸಿಕೊಂಡಳು. ಅಮ್ಮ ನೋಡಿಬಿಟ್ಟರು. "ಈಗ ಅದರಲ್ಲಿ ಎಷ್ಟು ಉಳಿಯಿತು, ಹೇಳು" ಎಂದರು. ಮಗಳು ಕಾಗದ ಕೇಳಲಿಲ್ಲ. ಅಟ್ಟೆಯನ್ನು ಮನಸ್ಸಿನಲ್ಲಿಯೇ ಬಿಚ್ಚಿದಳು, ಒಂದು ಚೆಂಡನ್ನು ಬಿಚ್ಚಿದಳು, ಒಂದು ಹುಣಸೆಬೀಜವನ್ನೂ ಬಿಚ್ಚಿದಳು. "ಮೂರು ಚೆಂಡು, ಏಳು ಬೀಜ, ತೊಂಬತ್ತೊಂಬತ್ತು ಹೂವು" ಎಂದಳು. ಅಮ್ಮ ಬುಟ್ಟಿಯಿಂದ ಇನ್ನೊಂದು ಮೊಗ್ಗನ್ನು ತೆಗೆದು ಆ ಜಾಗಕ್ಕೆ ಕಟ್ಟಿದರು.