ಗ್ರೈಂಡರ್ ಎತ್ತಂಗಡಿ, ಚಿಪ್ಸ್‌ಗೊಂದು ಕೊಕ್ಕೆ

ಮನೆ ವರ್ಕ್‌ಶಾಪ್ ಕೆಲಸದಲ್ಲಿ ಈ ವಾರ ಒಂದು ದೊಡ್ಡ ಬದಲಾವಣೆ ಆಯಿತು. ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಮೆಷಿನ್) ಪಕ್ಕದಲ್ಲಿದ್ದ, ಚಕ್ರದಿಂದ ಲೋಹ ಮಸೆಯುವ ಗ್ರೈಂಡರ್ ಈಗ ಕೋಣೆಯ ಆ ತುದಿಗೆ ಹೋಗಿದೆ. ಗ್ರೈಂಡರ್‌ನಿಂದ ಉದುರುವುದು ಬರೀ ಕಬ್ಬಿಣದ ಪುಡಿಯಲ್ಲ, ಚಕ್ರದ ಗಟ್ಟಿ ಹರಳುಗಳೂ ಅದರಲ್ಲಿ ಸೇರಿರುತ್ತವೆ. ಅವು ಲೇತಿನ ಬೆಡ್ (ಉದ್ದನೆಯ ತಳಭಾಗ) ಮೇಲಿನ ಎಣ್ಣೆಗೆ ಅಂಟಿಕೊಂಡರೆ, ಅದರ ಮೇಲೆ ಟೂಲ್ ಹೊತ್ತು ಸರಿಯುವ ಕ್ಯಾರೇಜ್ ಓಡಾಡಿದಾಗಲೆಲ್ಲ ಬೆಡ್ಡನ್ನು ತೇಯುತ್ತಲೇ ಇರುತ್ತವೆ. ಎಷ್ಟು ಒರೆಸಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಅಲ್ಲಿಗೆ ಬರದಂತೆ ನೋಡಿಕೊಳ್ಳುವುದೇ ವಾಸಿ.

ಹೊಸ ಜಾಗದಲ್ಲಿ ಕೂರಿಸುವಾಗಲೇ ಸಂದುಗಳನ್ನೂ ಸರಿ ಮಾಡಿದೆ. ಮಸೆಯುವ ತುಂಡನ್ನು ಆನಿಸುವ ಟೂಲ್ ರೆಸ್ಟ್‌ಗೂ ಚಕ್ರಕ್ಕೂ ನಡುವೆ 3 ಮಿ.ಮೀ., ಮೇಲಿನ ಗಾರ್ಡ್ ಪಟ್ಟಿಗೂ ಚಕ್ರಕ್ಕೂ ನಡುವೆ 6 ಮಿ.ಮೀ. ದಾಟಬಾರದು. ಚಕ್ರ ಸವೆದ ಹಾಗೆ ಸಂದು ದೊಡ್ಡದಾಗುತ್ತದೆ. ಸಣ್ಣ ತುಂಡು ಅದರೊಳಗೆ ಸಿಕ್ಕಿಕೊಂಡರೆ ಚಕ್ರವೇ ಒಡೆದು ಸಿಡಿಯಬಹುದು. ಈ ಚಕ್ರಕ್ಕೆ ಅಲ್ಯೂಮಿನಿಯಂ ಹಿಡಿಯುವುದು ಬೇಡವೇ ಬೇಡ. ಅದು ಚಕ್ರದ ಮುಖಕ್ಕೆ ಮೆತ್ತಿಕೊಂಡು ಬಿಸಿಯೇರಿಸುತ್ತದೆ.

ಇನ್ನೊಂದು ಕೆಲಸ ನನಗೆ ತುಂಬಾ ಖುಷಿ ಕೊಟ್ಟಿತು. ಲೇತಿನ ಉದ್ದ ಚಿಪ್ಸ್ (ಕಡೆಯುವಾಗ ಬರುವ ಲೋಹದ ಚೂರು) ಎಳೆಯಲು ಕಬ್ಬಿಣದ ಸರಳು ಬಗ್ಗಿಸಿ ಕೊಕ್ಕೆ ಮಾಡಿಕೊಂಡೆ. ಸುರುಳಿಯಾಗಿ ಬರುವ ಸ್ಟೀಲ್ ಚಿಪ್ಸ್ ಅಂಚು ಬ್ಲೇಡಿನಷ್ಟು ಹರಿತ, ಅಲ್ವಾ? ಕೈಯಿಂದ ಎಳೆಯುವ ಮಾತೇ ಇಲ್ಲ. ಗ್ಲೌಸ್ ಇನ್ನೂ ಅಪಾಯ. ಲೋಹದ ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕೊಕ್ಕೆಯ ಹಿಡಿಗೆ ಬೆರಳು ತೂರಿಸುವ ಬಳೆ ಇಡಲಿಲ್ಲ, ನೇರವಾದ ಮರದ ಹಿಡಿ ಹಾಕಿದೆ. ಅಕಸ್ಮಾತ್ ಎಲ್ಲಾದರೂ ಸಿಕ್ಕಿಕೊಂಡರೆ ಅದು ಕೈಯಿಂದ ಸುಲಭವಾಗಿ ಜಾರಿಹೋಗಬೇಕು. ಆದರೂ ಮೆಷಿನ್ ನಿಲ್ಲಿಸಿದ ಮೇಲೆಯೇ ಕೊಕ್ಕೆಗೆ ಕೈ ಹಾಕುವುದು.

ನೆಲದ ಸ್ಟೀಲ್ ಚಿಪ್ಸ್‌ಗೆ ಪ್ಲಾಸ್ಟಿಕ್ ಚೀಲದೊಳಗೆ ಮ್ಯಾಗ್ನೆಟ್ ಇಟ್ಟು ಆಡಿಸುತ್ತೇನೆ. ಆಮೇಲೆ ಚೀಲವನ್ನು ಒಳಗೆ ಹೊರಗೆ ತಿರುವಿ ಮ್ಯಾಗ್ನೆಟ್ ಹೊರಕ್ಕೆಳೆದರೆ ಚಿಪ್ಸ್ ಎಲ್ಲ ಚೀಲದಲ್ಲೇ ಉಳಿಯುತ್ತವೆ. ಹಿತ್ತಾಳೆ, ಅಲ್ಯೂಮಿನಿಯಂಗೆ ಬ್ರಷ್ಷೇ ಗತಿ. ಮೆಷಿನ್ ಮೇಲೆ ಏರ್ ಗನ್ ಮಾತ್ರ ಬಳಸುವುದಿಲ್ಲ. ಗಾಳಿ ಹೊಡೆದರೆ ಪುಡಿ ಕ್ಯಾರೇಜಿನ ಅಂಚಿನಲ್ಲಿ ಬೆಡ್ ಒರೆಸುವ ವೈಪರ್ ಕೆಳಗೆ ಹೋಗಿ ಕೂರುತ್ತದೆ, ಇಲ್ಲವೇ ಕಣ್ಣಿಗೆ ಹಾರುತ್ತದೆ.

ಚಕ್ ಬಿಗಿ ಮಾಡುವ ಕೀ ತುದಿಗೆ ಸ್ಪ್ರಿಂಗ್ ಹಾಕಿದ್ದೇನೆ. ಒತ್ತಿ ಹಿಡಿದರೆ ಮಾತ್ರ ಚಕ್‌ನಲ್ಲಿ ನಿಲ್ಲುತ್ತದೆ, ಕೈ ಬಿಟ್ಟರೆ ತಾನೇ ಹೊರಗೆ ಬರುತ್ತದೆ. ಕೀ ಮರೆತು ಮೆಷಿನ್ ಆನ್ ಮಾಡುವ ಭಯ ಇನ್ನಿಲ್ಲ. ಎಣ್ಣೆ ಬಟ್ಟೆಗಳಿಗೆ ಮುಚ್ಚಳವಿರುವ ತಗಡಿನ ಡಬ್ಬ ಬಂದಿದೆ.

ಬಾಕಿ ಇರುವುದು ಕೂಲೆಂಟ್ (ಕಡೆಯುವಾಗ ತಂಪು ಮಾಡುವ ದ್ರವ) ಟ್ಯಾಂಕ್. ಮೇಲೆ ತೇಲುವ ಬೆಡ್ ಆಯಿಲ್ ಗಾಳಿ ತಡೆಯುವುದರಿಂದ ಕೆಳಗೆ ಬ್ಯಾಕ್ಟೀರಿಯಾ ಬೆಳೆದು ನಾತ ಹೊಡೆಯುತ್ತದೆ. ಮುಂದಿನ ವಾರ ಪೂರ್ತಿ ಖಾಲಿ ಮಾಡಿ, ತೊಳೆದು, ಎಣ್ಣೆ ತೆಗೆಯುವ ಒಂದು ಸಣ್ಣ ವ್ಯವಸ್ಥೆ ಕೂರಿಸಬೇಕು. ಕರೆಂಟ್ ಹೋಗಿ ಬಂದಾಗ ಲೇತ್ ತಾನಾಗಿ ಶುರುವಾಗದಂತೆ ತಡೆಯುವ ಸ್ವಿಚ್ ಹಾಕುವುದು ಅದರ ನಂತರ.