ಕೆಲಸ ಕೊಟ್ಟು ಹೋದ ಅತಿಥಿಗಳು

ಬುಧವಾರ ಸಂಜೆ 4 ಗಂಟೆ ಅಂದರೆ ನನಗೆ ಈಗಲೂ ರಸಾಯನಶಾಸ್ತ್ರದ ಗ್ಯಾಲರಿಯೇ ನೆನಪಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಉದ್ದ ಬೆಂಚುಗಳು, ಪಕ್ಕದ ಲ್ಯಾಬಿನ ವಾಸನೆ, ಮೇಜಿನ ಮೇಲೊಂದು ಹಿತ್ತಾಳೆ ಗಂಟೆ. ಆ ಗಂಟೆ ಬಾರಿಸಿದರೆ ನಮ್ಮ ರೋಟರಾಕ್ಟ್ ಕ್ಲಬ್ಬಿನ ಸಭೆ ಶುರು. ನಾನು ಈ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದು 2009ರಿಂದ 2012ರವರೆಗೆ. ಆಗ ನಮ್ಮೂರು ಇನ್ನೂ ಬಿಜಾಪುರ. ವಿಜಯಪುರ ಅಂತ ಹೆಸರು ಬದಲಾಗಿದ್ದು 2014ರ ನವೆಂಬರ್ 1ರಂದು.

ರೋಟರಿ ಅಂದರೇನು ಅಂತ ಗೊತ್ತಿಲ್ಲದ ತಮ್ಮ ತಂಗಿಯರಿಗೆ ಒಂದೆರಡು ಮಾತು. 1905ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರ ಜೊತೆ ಸೇರಿ ಶುರು ಮಾಡಿದ ಸಂಘ ಅದು. ಒಂದು ವಾರ ಒಬ್ಬರ ಆಫೀಸು, ಮುಂದಿನ ವಾರ ಇನ್ನೊಬ್ಬರದು, ಹೀಗೆ ಸಭೆ ಸರದಿಯಲ್ಲಿ ಸುತ್ತುತ್ತಿದ್ದರಿಂದ ರೋಟರಿ ಎಂಬ ಹೆಸರು ಬಂತು. ಹರೆಯದವರಿಗಾಗಿ ರೋಟರಾಕ್ಟ್ ಶುರುವಾಗಿದ್ದು 1968ರಲ್ಲಿ. ನಮ್ಮ ಕ್ಲಬ್ಬಿಗೆ ಊರಿನ ರೋಟರಿಯವರ ಆಸರೆ ಇತ್ತು. ಡಾಕ್ಟರು, ವಕೀಲರು, ಅಡತಿ ಅಂಗಡಿಯವರು. ಸಭೆಗೆ ಬಂದರೆ ಹಿಂದಿನ ಬೆಂಚಿನಲ್ಲಿ ನಮ್ಮ ಜೊತೆಗೇ ಕೂರುತ್ತಿದ್ದರು.

ತಿಂಗಳಿಗೆ ಎರಡು ಸಲ ಅತಿಥಿ ಭಾಷಣ ಇರುತ್ತಿತ್ತು. ಮೊದಮೊದಲು ಎಲ್ಲ ಕಡೆ ನಡೆಯುವ ಹಾಗೇ ನಡೆಯಿತು. ಸ್ವಾಗತ, ಪರಿಚಯ, ಶಾಲು, ಹಾರ, ಒಂದು ತಾಸು ಮಾತು, ವಂದನಾರ್ಪಣೆ, ಚಹಾ. ನಮ್ಮ ಕ್ಲಬ್ಬು ನೋಡಿಕೊಳ್ಳುತ್ತಿದ್ದ ಕನ್ನಡದ ಸರ್ ಒಂದು ಬುಧವಾರ ಗಂಟೆ ಬಾರಿಸಿ ಕೇಳಿದರು: "ಹೋದ ಸಲ ಬಂದವ್ರು ಏನ್ ಹೇಳಿದ್ರು? ಒಬ್ರರ ಹೇಳ್ರಿ ನೋಡೂನು." ಅರವತ್ತು ಜನ ಇದ್ದೆವು. ಒಬ್ಬರೂ ಏಳಲಿಲ್ಲ. ಸರ್ ಸಿಟ್ಟಾಗಲಿಲ್ಲ. "ಬರೇ ಕೇಳಿ ಮನಿಗೆ ಹೋಗೂದಾದ್ರ ರೇಡಿಯೋ ಸಾಕಲ್ಲ?" ಅಂದರು.

ಅವತ್ತಿನಿಂದ ಪದ್ಧತಿ ಬದಲಾಯಿತು. ಅತಿಥಿ ಮಾತಾಡುವುದು ಇಪ್ಪತ್ತೇ ನಿಮಿಷ. ಆಮೇಲೆ ಪ್ರಶ್ನೆ. ಕೊನೆಗೆ ನಮ್ಮಲ್ಲಿ ಒಬ್ಬರು ಎದ್ದು ನಿಂತು, "ನಮಗ ಏನ್ ಕೆಲಸ ಕೊಟ್ಟು ಹೋಗ್ತೀರಿ ಸರ?" ಅಂತ ಕೇಳಬೇಕು. ಶಾಲು ಹಾರದ ದುಡ್ಡು ಆ ಕೆಲಸಕ್ಕೆ. ಕರೆಯಲು ಹೋದಾಗಲೇ ಅತಿಥಿಗೆ ಇದನ್ನೆಲ್ಲ ಹೇಳಿಬಿಡುತ್ತಿದ್ದೆವು. ಕೆಲವರು ಬರಲಿಲ್ಲ. ಬಂದವರು ನಿಜವಾಗಿ ಯೋಚನೆ ಮಾಡಿಕೊಂಡು ಬರುತ್ತಿದ್ದರು.

ನಿವೃತ್ತ ಪೋಸ್ಟ್‌ಮನ್ ಒಬ್ಬರು ಕೊಟ್ಟ ಕೆಲಸ ತುಂಬ ಚಿಕ್ಕದು. ಪೋಸ್ಟ್ ಆಫೀಸಿಗೆ ಬರುವ ಮುದುಕರಿಗೆ ಫಾರಂ ತುಂಬಿ ಕೊಡುವುದು. ಪೆನ್ನು ಹಿಡಿದು ಕಿಟಕಿ ಪಕ್ಕ ನಿಂತರೆ ಆಯಿತು. ಅಲ್ಲಿ ಒಬ್ಬ ಅಜ್ಜಿ ತನ್ನ ಹೆಸರು ಹೇಳಿ, ನಾನು ಬರೆಯುವುದನ್ನೇ ದಿಟ್ಟಿಸಿ ನೋಡಿ, "ಇಷ್ಟ ಸಣ್ಣದೈತೇನವಾ ನನ್ನ ಹೆಸರು?" ಅಂತ ಕೇಳಿದಳು.

ಆರೋಗ್ಯ ಇಲಾಖೆಯ ಸಿಸ್ಟರ್ ಒಬ್ಬರು ಬಂದಿದ್ದು ಪೋಲಿಯೋ ಬಗ್ಗೆ ಹೇಳಲು. ರೋಟರಿಯವರು ಪೋಲಿಯೋ ಕೆಲಸಕ್ಕೆ ಕೈ ಹಾಕಿದ್ದು 1985ರಲ್ಲಿ, ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾಗಿದ್ದು 1995ರಲ್ಲಿ. ಅದನ್ನೆಲ್ಲ ಅವರು ಎರಡೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಚೀಲದಿಂದ ಒಂದು ಖಾಲಿ ಲಸಿಕೆ ಬಾಟಲಿ ತೆಗೆದು ಬೆಂಚಿನಿಂದ ಬೆಂಚಿಗೆ ಕಳಿಸಿದರು. ಹೆಬ್ಬೆರಳಿನಷ್ಟು ಬಾಟಲಿ. ಅದರ ಚೀಟಿಯ ಮೇಲೆ ನೇರಳೆ ಬಣ್ಣದ ಒಂದು ಸಣ್ಣ ವೃತ್ತ, ಒಳಗೊಂದು ತಿಳಿ ಬಣ್ಣದ ಚೌಕ. ಲಸಿಕೆಗೆ ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಹನಿ ಹಾಕಬಹುದು. ಎರಡೂ ಒಂದೇ ಬಣ್ಣಕ್ಕೆ ಬಂದರೆ ಆ ಬಾಟಲಿ ಮುಟ್ಟುವ ಹಾಗಿಲ್ಲ. "ನಮ್ಮ ಬಿಸಿಲು ನಿಮಗ ಗೊತ್ತೈತಲ್ಲ? ಐಸ್ ಡಬ್ಬಿ ಮುಚ್ಚಳ ಸುಮ್‌ಸುಮ್ನ ತೆಗೀಬ್ಯಾಡ್ರಿ" ಅಂದರು. ನಮಗೆ ಕೊಟ್ಟ ಕೆಲಸ: ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೂತು.

ಬಸ್‌ಸ್ಟ್ಯಾಂಡೇ ಯಾಕೆ ಅಂತ ಅಲ್ಲಿ ಕೂತಾಗ ತಿಳಿಯಿತು. ನಮ್ಮ ಜಿಲ್ಲೆಯ ತಾಂಡಾಗಳಿಂದ ದುಡಿಯಲು ಗೋವಾ, ಪುಣೆ, ಮುಂಬೈಗೆ ಹೋಗುವ ಸಂಸಾರಗಳು ಜಾಸ್ತಿ. ಮನೆಮನೆಗೆ ಹೋಗಿ ಹನಿ ಹಾಕುವವರು ಬಾಗಿಲಿಗೆ ಬರುವ ಹೊತ್ತಿಗೆ ಆ ಮಕ್ಕಳು ಮನೆಯಲ್ಲಿ ಇರುವುದೇ ಇಲ್ಲ. ಅವರು ಸಿಗುವ ಜಾಗ ಬಸ್‌ಸ್ಟ್ಯಾಂಡ್ ಒಂದೇ.

ಅದು 2011ರ ಶುರುವಿನ ಒಂದು ಭಾನುವಾರ. ಹನಿ ಹಾಕುವುದು ಸಿಸ್ಟರ್ ಕೆಲಸ. ಮಕ್ಕಳನ್ನು ಕರೆತರುವುದು, ಎಡಗೈ ಕಿರುಬೆರಳಿಗೆ ಗುರುತು ಹಾಕುವುದು ನಮ್ಮದು. ಗೋವಾ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ಒಬ್ಬ ತಾಯಿ, ಮಡಿಲಲ್ಲಿ ಒಂದು ಕೂಸು, ಪಕ್ಕದಲ್ಲಿ ಇನ್ನೊಂದು. ನಾನು ಓಡಿ ಹೋಗಿ ಕೇಳಿದೆ. "ಹಿಂದಕ್ಕ ಹಾಕ್ಸೇವ್ರಿ" ಅಂದಳು. "ಹಾಕ್ಸಿದ್ರೂ ಮತ್ತ ಹಾಕಸಬೇಕ್ರಿ ಯವ್ವಾ" ಅಂತ ಸಿಸ್ಟರ್ ಹೇಳಿಕೊಟ್ಟಿದ್ದನ್ನೇ ಹೇಳಿದೆ. ಅವಳು ಡ್ರೈವರ್ ಕಡೆ ನೋಡಿದಳು. ಡ್ರೈವರ್ ಏನೂ ಹೇಳದೆ ಇಂಜಿನ್ ಬಂದ್ ಮಾಡಿದರು. ಸಿಸ್ಟರ್ ಬಸ್ಸು ಹತ್ತಿ ಬಂದು ಎರಡೆರಡು ಹನಿ ಹಾಕಿದರು. ಸಣ್ಣ ಕೂಸಿನ ಕಿರುಬೆರಳು ಎಷ್ಟು ಪುಟ್ಟದೆಂದರೆ ಉಗುರಿನ ಮೇಲೆ ಇಟ್ಟ ಗುರುತು ಇಡೀ ಬೆರಳ ತುದಿಗೆ ಹರಡಿತು.

ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ ಕಂಡಿದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. ಅದೇ ಕೊನೆಯದು ಅಂತ ಆಗ ಯಾರಿಗೆ ಗೊತ್ತಿತ್ತು? ಮೂರು ವರ್ಷ ಹೊಸ ಪ್ರಕರಣ ಬರಲಿಲ್ಲ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಸುದ್ದಿ ಓದಿದ ದಿನ ನಾನು ಆ ಬಸ್ಸಿನ ಡ್ರೈವರನ್ನು ನೆನೆದು ಅತ್ತೆ.

ಎಲ್ಲ ಕೆಲಸವೂ ಹೀಗೆ ಗೆದ್ದಿತು ಅಂತಲ್ಲ. ನಿವೃತ್ತ ಎಂಜಿನಿಯರ್ ಒಬ್ಬರು ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆ ಬಗ್ಗೆ ಮಾತಾಡಿದರು. ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ನೀರು ತಂದಿದ್ದು, ದಾರಿಯಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿ ಕೊಳವೆಯ ಒತ್ತಡ ಇಳಿಸಿದ್ದು, ಕೆಸರು ಅದರ ತಳದಲ್ಲೇ ನಿಲ್ಲುವಂತೆ ಮಾಡಿದ್ದು. ಅಂಥ ಗೋಪುರದ ನೆರಳಲ್ಲಿ ದಿನಾ ಓಡಾಡುತ್ತಿದ್ದ ನಾವು ಬಾಯಿ ಬಿಟ್ಟು ಕೇಳಿದೆವು. ಅವರು ಕೊಟ್ಟ ಕೆಲಸ ತಾಜ್ ಬಾವಡಿಯ ಮೆಟ್ಟಿಲು ಸ್ವಚ್ಛ ಮಾಡುವುದು. ಅನುಮತಿ ತೆಗೆದುಕೊಂಡು ಹೋದೆವು. ಒಂದೊಂದು ಬದಿಯೂ ಸುಮಾರು 220 ಅಡಿ ಇರುವ ಬಾವಿ. ನೀರಿನ ಮೇಲೆಲ್ಲ ಪ್ಲಾಸ್ಟಿಕ್, ಕೊಳೆತ ಹೂವು, ಮೂರ್ತಿಗಳ ಕಟ್ಟಿಗೆ. ಸಂಜೆವರೆಗೆ ಚೀಲಗಟ್ಟಲೆ ತೆಗೆದೆವು. ಎರಡು ತಿಂಗಳ ನಂತರ ಹೋಗಿ ನೋಡಿದರೆ ಮೊದಲಿನ ಹಾಗೇ ಇತ್ತು. ತುಂಬ ನೋವಾಯಿತು. ಮುಂದೆ ಕೆಲವು ವರ್ಷಕ್ಕೆ ದೊಡ್ಡ ಮಟ್ಟದಲ್ಲಿ ಹೂಳು ತೆಗೆದರು. ತಿಳಿ ನೀರಿನಲ್ಲಿ ಕಮಾನಿನ ನೆರಳು ನೋಡಿದ ದಿನ ಆ ಎಂಜಿನಿಯರ್ ಅಜ್ಜ ಇದನ್ನು ನೋಡಬೇಕಿತ್ತು ಅನ್ನಿಸಿತು.

ನನ್ನ ಬದುಕಿಗೇ ಅಂಟಿಕೊಂಡ ಕೆಲಸ ಕೊಟ್ಟವರು ರಕ್ತನಿಧಿಯ ಡಾಕ್ಟರಮ್ಮ. ಶಿಬಿರ ಮಾಡಿ ಅಂತ ಹೇಳುತ್ತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದೇ ಬೇರೆ. ಒಂದೇ ದಿನ ನೂರು ಜನ ರಕ್ತ ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಪ್ಲೇಟ್‌ಲೆಟ್ ಇರುವುದು 5 ದಿನ, ಕೆಂಪು ಕಣ ಹೆಚ್ಚೆಂದರೆ 42 ದಿನ. ಏಪ್ರಿಲ್ ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಕೊಡುವವರೇ ಸಿಗುವುದಿಲ್ಲ. ಹೆರಿಗೆಗೆ, ಅಪಘಾತಕ್ಕೆ ರಜೆ ಇರುತ್ತದಾ? ಆದ್ದರಿಂದ ನೀವು ಒಂದು ಪುಸ್ತಕ ಮಾಡಿ ಅಂದರು. ಒಂದೊಂದು ಗುಂಪಿಗೆ ಒಂದೊಂದು ಪುಟ. ಹೆಸರು, ಫೋನ್, ಹಿಂದಿನ ಸಲ ಕೊಟ್ಟ ತಾರೀಖು. ಕೊನೆಯ ಕಾಲಂ: ಬೇಸಿಗೆಯಲ್ಲಿ ಊರಲ್ಲಿ ಇರುತ್ತೀರಾ?

ಕ್ಲಬ್ಬಿನ ಕಾರ್ಯದರ್ಶಿ ನಾನೇ. ಮೊದಲ ಹೆಸರು ನನ್ನದೇ ಇರಲಿ ಅಂತ ಹುಮ್ಮಸ್ಸಿನಿಂದ ಹೋದೆ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣದೊಳಗೆ ಬಿಟ್ಟರು. ಮೈಲುತುತ್ತದ ನೀರು ಅದು, ನಮ್ಮ ದ್ರಾಕ್ಷಿ ತೋಟಗಳಲ್ಲಿ ಸುಣ್ಣ ಬೆರೆಸಿ ಹೊಡೆಯುತ್ತಾರಲ್ವಾ, ಅದೇ ಮೈಲುತುತ್ತ. ಹಿಮೋಗ್ಲೋಬಿನ್ 12.5 ಇದ್ದರೆ ಹನಿ ಮುಳುಗುತ್ತದೆ. ಕಡಿಮೆ ಇದ್ದರೆ ತೇಲುತ್ತದೆ. ನನ್ನ ಹನಿ ಸ್ವಲ್ಪ ಕೆಳಗಿಳಿದು, ನಿಂತು, ನಿಧಾನ ಮೇಲೆ ಬಂತು. ಹಿಂದೆ ನಿಂತಿದ್ದ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನರದು ಹೀಗೇ ತೇಲಿತು. ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ.

ಡಾಕ್ಟರಮ್ಮ ಮುಂದಿನ ಬುಧವಾರ ಕರೆಯದೇ ಬಂದರು. ಹುಡುಗಿಯರನ್ನಷ್ಟೇ ಕೂರಿಸಿಕೊಂಡು ಮಾತಾಡಿದರು. ಮುಟ್ಟಿನ ಬಗ್ಗೆ, ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ ಉಂಡು ಏಳುವುದರ ಬಗ್ಗೆ. ಕಬ್ಬಿಣದ ಮಾತ್ರೆ ಕೊಟ್ಟರು. ಸಜ್ಜೆ ರೊಟ್ಟಿ, ರಾಜಗಿರಿ ಪಲ್ಲೆ, ಶೇಂಗಾ ಜೊತೆ ಬೆಲ್ಲ. ಪಲ್ಲೆ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟ ಆದ ಕೂಡಲೇ ಚಹಾ ಬೇಡ. ನಮ್ಮವ್ವ ಇದನ್ನು ನನಗಿಂತ ಜಾಸ್ತಿ ಮನಸ್ಸಿಗೆ ಹಚ್ಚಿಕೊಂಡಳು. ನನ್ನ ಜೊತೆ ತಾನೂ ಬಿಸಿ ರೊಟ್ಟಿ ತಿನ್ನಲು ಕೂತಳು. ಹಾಗೆ ಅವಳು ನಡುವೆ ಕೂತು ಉಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆರು ತಿಂಗಳಿಗೆ ನನ್ನ ಹನಿ ಸೀದಾ ತಳಕ್ಕೆ ಹೋಯಿತು. 350 ಮಿಲಿ ಕೊಟ್ಟು, ಬಿಸ್ಕಿಟ್ ತಿಂದು, ಪುಸ್ತಕದ ಬಿ ಪಾಸಿಟಿವ್ ಪುಟದಲ್ಲಿ ನನ್ನ ಹೆಸರಿನ ಮುಂದೆ ತಾರೀಖು ಬರೆದೆ.

ಹೋದ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆಂದು ಊರಿಗೆ ಬಂದಾಗ ಅಪ್ಪನ ಫೋನಿಗೆ ಒಂದು ಕರೆ ಬಂತು. ಈಗ ಓದುತ್ತಿರುವ ಒಬ್ಬ ಹುಡುಗ. "ಅಕ್ಕಾರ, ನಿಮ್ಮ ನಂಬರ್ ಹತ್ತಲಿಲ್ರಿ. ಪುಸ್ತಕದಾಗ ಬಾಜೂಕ ಮನಿ ನಂಬರ್ ಇತ್ತು. ಊರಾಗ ಅದೀರೇನ್ರಿ?" ಅಂದ. ಪುಸ್ತಕ ಇನ್ನೂ ಇದೆ ಅಂತ ನನಗೆ ಗೊತ್ತಾಗಿದ್ದೇ ಆಗ. ಹೋಗಿ ಕೊಟ್ಟು ಬಂದೆ. ಅದೇ ಪುಸ್ತಕ, ಮೂರು ಸಲ ಬೈಂಡ್ ಮಾಡಿಸಿದ್ದಾರೆ.

ನನ್ನ ನಂಬರ್ ಬದಲಾಗಿದೆ. ಹೊಸದನ್ನು ಕಾಲೇಜಿನ ಆಫೀಸಿನಲ್ಲಿ ಬರೆಸಿದ್ದೇನೆ, ಬಿ ಪಾಸಿಟಿವ್ ಪುಟದಲ್ಲಿ ತಿದ್ದಿಕೊಳ್ಳಿ. ಕೊನೆಯ ಕಾಲಂನಲ್ಲಿ ಹೌದು ಅಂತ ಬರೆಯಿರಿ. ಮೇ ತಿಂಗಳಿಡೀ ಊರಲ್ಲೇ ಇರುತ್ತೇನೆ.