ಪ್ರೈಮರಿ ಒಳಗಿನ ‘ಟಕ್’: ಟ್ವಿನ್ ಕ್ಯಾಮ್ ಹಾರ್ಲೆಯ ಕಾಂಪೆನ್ಸೇಟರ್ ಬದಲಾಯಿಸುವ ಕೆಲಸ

ಸ್ಟಾರ್ಟರ್ ಒತ್ತಿದಾಗ ಎಡಗಡೆಯಿಂದ ಸುತ್ತಿಗೆ ಬಿದ್ದಂತೆ ‘ಟಕ್’, ಐಡಲ್‌ನಲ್ಲಿ ಕಟಕಟ, ಆಫ್ ಮಾಡುವಾಗ ಕೊನೆಗೊಂದು ಗುದ್ದು. ಸ್ಟ್ರೀಟ್ ಬಾಬ್, ಫ್ಯಾಟ್ ಬಾಯ್ ಓಡಿಸುವವರಿಗೆ ಈ ಸದ್ದಿನ ಪರಿಚಯ ಇದ್ದೇ ಇರುತ್ತದೆ. ಎಲ್ಲರೂ ಮೊದಲು ಬೈಯುವುದು ಕಾಂಪೆನ್ಸೇಟರನ್ನು, ಅಂದರೆ ಪ್ರೈಮರಿಯ (ಎಂಜಿನ್ನಿನ ಶಕ್ತಿಯನ್ನು ಚೈನಿನ ಮೂಲಕ ಕ್ಲಚ್ಚಿಗೆ ಸಾಗಿಸುವ ಎಡಗಡೆಯ ಪೆಟ್ಟಿಗೆ) ಒಳಗೆ ಹೊಡೆತ ತಡೆಯುವ ಭಾಗವನ್ನು. ಅರ್ಧ ಸಲ ಅದು ನಿಜ. ಉಳಿದರ್ಧ ಸಲ ತಪ್ಪಿತಸ್ಥ ಬ್ಯಾಟರಿ.

ಇಲ್ಲಿ ಹೇಳುವುದು ಟ್ವಿನ್ ಕ್ಯಾಮ್ ಎಂಜಿನ್ನಿನ, ಆರು ಗೇರಿನ ಹಾರ್ಲೆ ಗಾಡಿಗಳಿಗೆ ಮಾತ್ರ. ಅಂದರೆ ಡೈನಾ ಸರಣಿಯಲ್ಲಿ 2006ರಿಂದ, ಸಾಫ್ಟೇಲ್ ಮತ್ತು ಟೂರಿಂಗ್ ಸರಣಿಗಳಲ್ಲಿ 2007ರಿಂದ, ಮುಂದಿನ ಪೀಳಿಗೆಯ ಮಿಲ್ವಾಕಿ ಎಯ್ಟ್ ಎಂಜಿನ್ ಬರುವವರೆಗಿನವು. ಹಳೆಯ ಐದು ಗೇರಿನವುಗಳ ಜೋಡಣೆ ಬೇರೆ.

ಬುಲೆಟ್‌ನಲ್ಲಿ ಹಿಂದಿನ ಹಬ್ಬಿನ ರಬ್ಬರ್‌ಗಳು ಮಾಡುವ ಕೆಲಸವನ್ನೇ ಇಲ್ಲಿ ಕ್ರ್ಯಾಂಕಿನ ತುದಿಯಲ್ಲಿ ಉಕ್ಕು ಮಾಡಬೇಕು. 45 ಡಿಗ್ರಿ ವಿ-ಟ್ವಿನ್‌ನಲ್ಲಿ ಒಂದು ಫೈರಿಂಗ್ ಆಗಿ ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಇನ್ನೊಂದು, ಆಮೇಲೆ 405 ಡಿಗ್ರಿ ಕಾಯಬೇಕು. ಈ ಏರುಪೇರಿನ ಹೊಡೆತ ನೇರವಾಗಿ ಚೈನಿಗೆ ಹೋಗದಿರಲಿ ಎಂದು 34 ಹಲ್ಲಿನ ಸ್ಪ್ರಾಕೆಟ್ಟನ್ನು ಶಾಫ್ಟಿಗೆ ಬಿಗಿಯದೆ ಸ್ವಲ್ಪ ತಿರುಗಲು ಬಿಟ್ಟಿರುತ್ತಾರೆ. ಸ್ಪ್ರಾಕೆಟ್ಟಿನ ಇಳಿಜಾರಿನ ಮೇಲೆ ಸ್ಲೈಡಿಂಗ್ ಕ್ಯಾಮ್ ಹತ್ತಿ ಇಳಿಯುತ್ತದೆ, ಹಿಂದಿನಿಂದ ತಟ್ಟೆಯಂಥ ಬೆಲ್‌ವಿಲ್ ಸ್ಪ್ರಿಂಗ್‌ಗಳು ಅದನ್ನು ಒತ್ತಿ ಹಿಡಿಯುತ್ತವೆ. ಸ್ಪ್ರಾಕೆಟ್ಟಿನ ಒಳ ತೂತಿಗೆ ಎಣ್ಣೆ ಸರಿಯಾಗಿ ತಲುಪದಿದ್ದರೆ ಲೋಹ ಲೋಹವನ್ನೇ ತಿನ್ನುತ್ತದೆ. ಬಿಚ್ಚಿದಾಗ ಎಕ್ಸ್‌ಟೆನ್ಷನ್ ಶಾಫ್ಟಿನ (ಸ್ಪ್ರಾಕೆಟ್ ಕೂರುವ ಶಾಫ್ಟ್) ಮೇಲೆ ಕಾಣುವ ಕೆಂಪು ಮಿಶ್ರಿತ ಕಂದು ಪುಡಿ ಅದೇ.

ನಮ್ಮ ರಸ್ತೆಗಳು ಇದಕ್ಕೆ ತುಪ್ಪ ಸುರಿಯುತ್ತವೆ. ಚಾರ್ಮಾಡಿಯ ತಿರುವಿನಲ್ಲಿ, ಮುಳ್ಳಯ್ಯನಗಿರಿಯ ಏರಿನಲ್ಲಿ ಗೇರ್ ಇಳಿಸಲು ಸೋಮಾರಿತನ ಮಾಡಿ, ನಾಲ್ಕರಲ್ಲೇ 1,500 ಆರ್‌ಪಿಎಂನಿಂದ ಥ್ರಾಟಲ್ ತೆರೆದರೆ ಪ್ರತಿ ಫೈರಿಂಗ್ ಹೊಡೆತವೂ ಆ ಸ್ಪ್ರಿಂಗ್‌ಗಳ ಮೇಲೇ ಬೀಳುತ್ತದೆ. ‘ಟಾರ್ಕ್ ಇದೆಯಲ್ಲ, ಎಳೆಯುತ್ತೆ ಬಿಡು’ ಎನ್ನುವವರ ಗಾಡಿಗಳೇ ಬೇಗ ಗ್ಯಾರೇಜಿಗೆ ಬರುವುದು.

ಕವರ್ ಬಿಚ್ಚುವ ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ 12.6 ವೋಲ್ಟಿಗಿಂತ ಕಡಿಮೆ ಇದ್ದರೆ, ಅಥವಾ ಸ್ಟಾರ್ಟರ್ ಒತ್ತಿದಾಗ 10ರ ಕೆಳಗೆ ಕುಸಿದರೆ, ಕ್ರ್ಯಾಂಕ್ ನಿಧಾನ ತಿರುಗಿ ಕಂಪ್ರೆಷನ್‌ಗೆ ಸೋತು ಹಿಂದೆ ಒದೆಯುತ್ತದೆ. ಆ ಸದ್ದಿಗೂ ಸವೆದ ಕಾಂಪೆನ್ಸೇಟರ್ ಸದ್ದಿಗೂ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬ್ಯಾಟರಿ ಕೇಬಲ್‌ಗಳ ತುದಿ ಬಿಗಿ ಇದೆಯೇ ಎಂಬುದನ್ನೂ ನೋಡಿ. ಆಮೇಲೆ ಪ್ರೈಮರಿ ಎಣ್ಣೆ ಇಳಿಸಿ ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ ನೋಡಿ. ಬೂದಿ ಬಣ್ಣದ ನುಣ್ಣನೆಯ ಕೆಸರು ಸಹಜ, ಬೆರಳಿಗೆ ಚುಚ್ಚುವ ಚೂರುಗಳು ಸಹಜವಲ್ಲ. ಮಳೆಗಾಲದಲ್ಲಿ ಊರೊಳಗೇ ಓಡಿದ ಗಾಡಿಯಾದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರಬಹುದು. ಅದು ಒಳಗೆ ಸೇರಿದ ತೇವ. ಅಂಥ ಎಣ್ಣೆಯಲ್ಲಿ ಸವೆತ ಇನ್ನೂ ಜೋರು.

ಬೇಕಾದ ಸಾಮಾನು ಮೊದಲೇ ಕೈಯಲ್ಲಿರಲಿ: ಬೋಲ್ಟ್ ಸಮೇತ ಪೂರ್ತಿ ಕಾಂಪೆನ್ಸೇಟರ್ ಕಿಟ್, ಕವರ್ ಗ್ಯಾಸ್ಕೆಟ್, ಡ್ರೇನ್ ಪ್ಲಗ್ಗಿನ ಓ-ರಿಂಗ್, ಕೆಂಪು ಲಾಕ್‌ಟೈಟ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು), ಎಣ್ಣೆ, ಪ್ರೈಮರಿ ಲಾಕ್ ಮಾಡುವ ಟೂಲ್ (ಬಿಚ್ಚುವಾಗ, ಬಿಗಿಯುವಾಗ ಸ್ಪ್ರಾಕೆಟ್ ತಿರುಗದಂತೆ ಹಿಡಿಯುವಂಥದು), ಕ್ಲಚ್ ಹಬ್ ನಟ್‌ಗೆ 1-3/16 ಇಂಚಿನ ಸಾಕೆಟ್, ಕಾಂಪೆನ್ಸೇಟರ್ ಬೋಲ್ಟ್ ತಲೆಗೆ ಹೊಂದುವ ದೊಡ್ಡ ಬಿಟ್, 200 ನ್ಯೂಟನ್ ಮೀಟರ್ ದಾಟುವ ಟಾರ್ಕ್ ರೆಂಚ್. ಬೈಕ್ ಗ್ಯಾರೇಜಿನಲ್ಲಿ ಅಷ್ಟು ದೊಡ್ಡ ರೆಂಚ್ ಸಿಗದಿದ್ದರೆ ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡುವವರನ್ನು ಕೇಳಿ.

ಗಾಡಿ ನೇರ ನಿಲ್ಲಲಿ. ಬ್ಯಾಟರಿಯ ನೆಗೆಟಿವ್ ತೆಗೆದೇ ಮುಂದಿನ ಕೆಲಸ, ಬೆರಳು ಚೈನಿನ ನಡುವೆ ಇರುವಾಗ ಯಾರಾದರೂ ಸ್ಟಾರ್ಟರ್ ಒತ್ತಿದರೆ ಕತೆ ಮುಗಿಯಿತು. ಎಡಗಡೆಯ ಫುಟ್‌ಬೋರ್ಡ್ ಅಥವಾ ಪೆಗ್, ಗೇರ್ ಲಿವರ್ ತೆಗೆಯಿರಿ. ಕವರ್ ಬೋಲ್ಟ್‌ಗಳು ಒಂದೇ ಉದ್ದದವಲ್ಲ, ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗಕ್ಕೇ ಚುಚ್ಚಿಡಿ. ಕ್ಲಚ್ ಕೇಬಲ್ ಸಡಿಲಿಸಿ, ಸ್ನ್ಯಾಪ್ ರಿಂಗ್ ಬಿಚ್ಚಿ ರಿಲೀಸ್ ಪ್ಲೇಟ್ ತೆಗೆದರೆ ಕ್ಲಚ್ ಹಬ್ಬಿನ ನಟ್ ಕಾಣುತ್ತದೆ. ಇದು ಉಲ್ಟಾ ಥ್ರೆಡ್. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಕಾಂಪೆನ್ಸೇಟರ್ ಬೋಲ್ಟ್ ಮಾತ್ರ ಸಾಮಾನ್ಯ ಥ್ರೆಡ್. ಎರಡೂ ಸಡಿಲವಾದ ಮೇಲೆ ಸ್ಪ್ರಾಕೆಟ್, ಚೈನ್, ಕ್ಲಚ್ ಮೂರನ್ನೂ ಒಟ್ಟಿಗೇ ಹೊರಗೆಳೆಯಬೇಕು. ಚೈನಿಗೆ ಬಿಚ್ಚುವ ಕೊಂಡಿ ಇಲ್ಲ.

ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ. ಇಳಿಜಾರಿನಲ್ಲಿ ಉಗುರು ಸಿಕ್ಕುವಷ್ಟು ಕುಳಿ, ಸ್ಪ್ರಿಂಗಿನ ಅಂಚಿನಲ್ಲಿ ಕೂದಲೆಳೆಯ ಬಿರುಕು, ಶಾಫ್ಟಿನ ಮೇಲೆ ಸ್ಪ್ರಾಕೆಟ್ ಅಲ್ಲಾಡುವುದು, ಇವುಗಳಲ್ಲಿ ಒಂದಿದ್ದರೂ ಪೂರ್ತಿ ಸೆಟ್ ಬದಲಾಗಲಿ. ತೂತಿಗೆ ಬುಷ್ ಹಾಕಿಕೊಡುತ್ತೇನೆ ಎನ್ನುವ ಲೇತಿನವರು ಸಿಕ್ಕೇ ಸಿಗುತ್ತಾರೆ. ಅವರ ಕೈಚಳಕದ ಮೇಲೆ ಅನುಮಾನವಿಲ್ಲ. ಆದರೆ ಗಟ್ಟಿ ಮಾಡಿದ ಮೇಲ್ಮೈ ಒಮ್ಮೆ ಹೋದ ಮೇಲೆ ಬುಷ್ ಎಷ್ಟು ದಿನ ನಿಂತೀತು? ಸ್ಪ್ರಿಂಗ್ ಮಾತ್ರ ಹೊಸದು ಹಾಕುವುದೂ ದುಡ್ಡು ದಂಡ.

ಹೊಸ ಭಾಗ ಹಾಕುವ ಆತುರದಲ್ಲಿ ಎಲ್ಲರೂ ಬಿಡುವುದು ಕಬ್ಬಿಣದ ಪುಡಿಯನ್ನು. ಹಿಂದೆಯೇ ಇರುವ ಆಲ್ಟರ್ನೇಟರ್ ರೋಟರ್ ದೊಡ್ಡ ಮ್ಯಾಗ್ನೆಟ್. ಸವೆದು ಬಿದ್ದ ಪುಡಿಯನ್ನೆಲ್ಲ ಅದೇ ಎಳೆದು ಇಟ್ಟುಕೊಂಡಿರುತ್ತದೆ, ಮುಂದೆ ಅದು ಸ್ಟೇಟರ್ ವೈಂಡಿಂಗನ್ನು ಕೆರೆಯುತ್ತದೆ. ರೋಟರ್ ಹೊರತೆಗೆದು ಒರೆಸಿ, ಆದರೆ ಮರಳಿ ಕೂರಿಸುವಾಗ ಬೆರಳು ಅಂಚಿನಲ್ಲಿ ಇಡಬೇಡಿ, ಮ್ಯಾಗ್ನೆಟ್ ಅದನ್ನು ಏಕಾಏಕಿ ಒಳಗೆಳೆದುಕೊಳ್ಳುತ್ತದೆ.

ಚೈನ್ ಟೆನ್ಷನರ್ ಕೂಡ ನೋಡಬೇಕು. ಅದು ತಾನಾಗಿ ಬಿಗಿಯಾಗುವ ಜಾತಿ, ಹಲ್ಲು ಒಮ್ಮೆ ಮುಂದೆ ಹೋದರೆ ಹಿಂದೆ ಬರುವುದಿಲ್ಲ. ಅತಿ ಬಿಗಿಯಾದ ಚೈನ್ ಇನ್ನರ್ ಪ್ರೈಮರಿ ಬೇರಿಂಗನ್ನು ತಿನ್ನುತ್ತದೆ. ಚೈನ್ ಉಜ್ಜುವ ಟೆನ್ಷನರ್ ಷೂನಲ್ಲಿ ಆಳವಾದ ಗೀರು ಕಂಡರೆ ಅದನ್ನೂ ಬದಲಿಸಿ. ಜೋಡಿಸುವಾಗ ಟೆನ್ಷನರಿನ ಬೆಣೆಯನ್ನು ಹಿಂದಕ್ಕೆ ಒತ್ತಿ ತಂತಿಯಿಂದ ಹಿಡಿಸಿ, ಕವರ್ ಮುಚ್ಚುವ ಮೊದಲು ತಂತಿ ತೆಗೆಯಿರಿ.

ಇನ್ನು ಬಿಗಿಯುವುದು. ಕ್ರ್ಯಾಂಕಿನ ಒಳ ಥ್ರೆಡ್ಡಿನಲ್ಲಿರುವ ಹಳೆಯ ಲಾಕ್‌ಟೈಟ್ ತೆಗೆದು, ಕ್ಲೀನರ್ ಹೊಡೆದು, ಗಾಳಿ ಊದಿ ಪೂರ್ತಿ ಒಣಗಿಸಬೇಕು. ತೂತಿನ ತಳದಲ್ಲಿ ಎಣ್ಣೆ ಉಳಿದರೆ ಬೋಲ್ಟ್ ಅದನ್ನೇ ಒತ್ತುತ್ತದೆ, ರೆಂಚ್ ‘ಕ್ಲಿಕ್’ ಎನ್ನುತ್ತದೆ, ಬಿಗಿ ಮಾತ್ರ ಆಗಿರುವುದಿಲ್ಲ. ಹಾಕಿ ಸ್ವಲ್ಪ ದಿನಕ್ಕೇ ಸಡಿಲವಾಗುವ ಕಾಂಪೆನ್ಸೇಟರ್‌ಗಳ ರಹಸ್ಯ ಬಹುಪಾಲು ಇಷ್ಟೇ. ಜಾರುವ ಮೇಲ್ಮೈಗಳಿಗೆಲ್ಲ ಪ್ರೈಮರಿ ಎಣ್ಣೆ ಸವರಿ, ಸ್ಪ್ರಿಂಗ್‌ಗಳ ಮುಖ ಕಿಟ್ಟಿನ ಚಿತ್ರದಲ್ಲಿರುವಂತೆಯೇ ಇಡಿ. ಬೋಲ್ಟಿನ ಥ್ರೆಡ್ಡಿಗೆ ಕೆಂಪು ಲಾಕ್‌ಟೈಟ್ ಹಚ್ಚಿ, ಮೊದಲು 100 ಫುಟ್-ಪೌಂಡ್ ಅಂದರೆ ಸುಮಾರು 136 ನ್ಯೂಟನ್ ಮೀಟರ್‌ಗೆ ಬಿಗಿದು, ಅರ್ಧ ಸುತ್ತು ಸಡಿಲಿಸಿ, ಆಮೇಲೆ ಕೊನೆಯ ಬಿಗಿ. ಕೆಲವು ಮ್ಯಾನುಯಲ್‌ಗಳಲ್ಲಿ ಆ ಕೊನೆಯ ಅಂಕಿ 140 ಫುಟ್-ಪೌಂಡ್, ಸುಮಾರು 190 ನ್ಯೂಟನ್ ಮೀಟರ್. ನಿಮ್ಮ ಕಿಟ್ಟಿನ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಕಾಗದದ ಮಾತೇ ಅಂತಿಮ. ಇಂಪ್ಯಾಕ್ಟ್ ಗನ್ ಬಿಚ್ಚಲು ಸರಿ, ಬಿಗಿಯಲು ಬೇಡ. ಕ್ಲಚ್ ಹಬ್ ನಟ್‌ಗೂ ಲಾಕ್‌ಟೈಟ್ ಹಚ್ಚಿ 70ರಿಂದ 80 ಫುಟ್-ಪೌಂಡ್, ಎಡಕ್ಕೆ ತಿರುಗಿಸಿ.

ಕ್ಲಚ್ ಅಡ್ಜಸ್ಟರ್ ಸ್ಕ್ರೂವನ್ನು ಹಗುರವಾಗಿ ತಾಗುವವರೆಗೆ ಒಳಗೆ ತಿರುಗಿಸಿ, ಅರ್ಧದಿಂದ ಒಂದು ಸುತ್ತು ಹಿಂದೆ ತಂದು ಲಾಕ್ ನಟ್ ಬಿಗಿಯಿರಿ. ಕೇಬಲ್ಲಿನಲ್ಲಿ 1.6ರಿಂದ 3.2 ಮಿಲಿಮೀಟರ್ ಆಟ ಇರಲಿ. ಎಣ್ಣೆ ಹಿಡಿಯುವುದು ಒಂದು ಲೀಟರ್ ಹತ್ತಿರ, ಟೂರಿಂಗ್ ಗಾಡಿಗೆ ಸ್ವಲ್ಪ ಜಾಸ್ತಿ. ಗಾಡಿ ನೇರವಿದ್ದಾಗ ಕ್ಲಚ್ಚಿನ ಡಯಾಫ್ರಾಮ್ ಸ್ಪ್ರಿಂಗಿನ ಕೆಳ ಅಂಚಿಗೆ ತಾಗಿದರೆ ಸಾಕು. ಕಾರಿನ ಎಣ್ಣೆ ಸುರಿದರೆ ಅದರಲ್ಲಿನ ಫ್ರಿಕ್ಷನ್ ಮಾಡಿಫೈಯರ್‌ಗೆ ಕ್ಲಚ್ ಜಾರಬಹುದು.

ಲಾಕ್‌ಟೈಟ್ ಗಟ್ಟಿಯಾಗಲು ಒಂದು ರಾತ್ರಿ ಬಿಡಿ. ಸಾವಿರ ಕಿಲೋಮೀಟರ್ ಆದ ಮೇಲೆ ಎಣ್ಣೆ ಇಳಿಸಿ ಮ್ಯಾಗ್ನೆಟ್ ಇನ್ನೊಮ್ಮೆ ನೋಡಿ. ಆಗಲೂ ಚುಚ್ಚುವ ಚೂರು ಸಿಕ್ಕರೆ ಕವರ್ ಮತ್ತೆ ಬಿಚ್ಚಬೇಕು, ಈ ಸಲ ಮೊದಲು ಟೆನ್ಷನರ್ ಮತ್ತು ಇನ್ನರ್ ಪ್ರೈಮರಿ ಬೇರಿಂಗ್ ಕಡೆಗೆ ಟಾರ್ಚ್ ಹಿಡಿಯಿರಿ.